ಹವಾಮಾನ ಮಾತುಕತೆ ಎಲ್ಲಿ ಸಿಕ್ಕಿಕೊಂಡಿದೆ? ನಿಮ್ಮ ಪ್ರಶ್ನೆ, ನನ್ನ ಉತ್ತರ

ಎಲ್ಲರಿಗೂ ನಮಸ್ಕಾರ. ಬಡ ದೇಶಗಳಿಗೆ ಬರಬೇಕಾದ ಹವಾಮಾನ ಹಣದ ಲೆಕ್ಕ ನೋಡುವುದು ನನ್ನ ಕೆಲಸ. ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಗಳಿಗೆ, ಅಂದರೆ ಕಾಪ್‌ಗಳಿಗೆ, ವೀಕ್ಷಕಿಯಾಗಿ ಹೋಗುತ್ತೇನೆ. ಬ್ರೆಜಿಲ್‌ನ ಬೆಲೆಂನಲ್ಲಿ 2025ರ ನವೆಂಬರ್‌ನಲ್ಲಿ ನಡೆದ ಕಾಪ್30 ಬಗ್ಗೆ ಇಲ್ಲಿ ತುಂಬ ಜನ ಕೇಳಿದ್ದರಿಂದ ಅಡ್ಮಿನ್ ಇದನ್ನು ಶುರು ಮಾಡಿದ್ದಾರೆ. ಕೇಳಿ.

ಪ್ರಶ್ನೆ (ಪಿಯು ಉಪನ್ಯಾಸಕಿ, ಧಾರವಾಡ): ಮೇಡಂ, 1995ರಿಂದ ಸಮ್ಮೇಳನ ನಡೀತಾನೇ ಇವೆ, ಹೊಗೆ ಮಾತ್ರ ಕಡಿಮೆ ಆಗಿಲ್ಲ. ಇದರಿಂದ ಏನಾದ್ರೂ ಆಗಿದೆಯಾ? ಕ್ಲಾಸಿನಲ್ಲಿ ಮಕ್ಕಳು ಕೇಳ್ತಾರೆ.

ಉತ್ತರ: ಆಗಿದೆ. 2015ರಲ್ಲಿ ಪ್ಯಾರಿಸ್ ಒಪ್ಪಂದಕ್ಕೆ ಕೂತಾಗ, ಅವತ್ತಿನ ನೀತಿಗಳೇ ಮುಂದುವರಿದರೆ ಶತಮಾನದ ಕೊನೆಗೆ ಭೂಮಿ ಹತ್ತಿರ ಹತ್ತಿರ 4 ಡಿಗ್ರಿ ಬಿಸಿಯಾಗುತ್ತದೆ ಎಂಬ ಅಂದಾಜಿತ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2025ರ ವರದಿಯಲ್ಲಿ ಅದು 2.8 ಡಿಗ್ರಿ. ದೇಶಗಳು ಕೊಟ್ಟ ಮಾತನ್ನೆಲ್ಲ ಉಳಿಸಿಕೊಂಡರೆ 2.3ರಿಂದ 2.5. ಸೋಲಾರ್ ಅಗ್ಗವಾಗಿದ್ದರ ಪಾಲೂ ಇದರಲ್ಲಿ ದೊಡ್ಡದು, ನಿಜ. ಆದರೆ ಹೊಗೆ ಇಳಿಸೋಕೆ ಪ್ರತಿ ಐದು ವರ್ಷಕ್ಕೊಮ್ಮೆ ಹೊಸ ಗುರಿ ಕೊಡಲೇಬೇಕು ಅನ್ನುವ ಆ ಒಪ್ಪಂದದ ಕಟ್ಟು ಇಲ್ಲದಿದ್ದರೆ ಎಷ್ಟೋ ಸರ್ಕಾರಗಳು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಹಾಗಂತ 2.8 ಬದುಕೋಕೆ ಆಗುವ ಸಂಖ್ಯೆ ಅಲ್ಲ. 2024ರ ಒಂದು ವರ್ಷದ ಸರಾಸರಿಯೇ ಕೈಗಾರಿಕಾ ಯುಗಕ್ಕೆ ಮುಂಚಿನದಕ್ಕಿಂತ ಸುಮಾರು 1.55 ಡಿಗ್ರಿ ಜಾಸ್ತಿ ಇತ್ತು, ಅಷ್ಟಕ್ಕೇ ಏನೇನಾಯಿತು ಅಂತ ನೋಡಿದ್ದೀರಲ್ವಾ. ಮಕ್ಕಳಿಗೆ ಎರಡೂ ಹೇಳಿ.

ಪ್ರಶ್ನೆ (ವಕೀಲರು, ಮೈಸೂರು): ಬಹುಮತಕ್ಕೆ ಹಾಕಿ ಮುಗಿಸಬಾರದಾ? 190ಕ್ಕೂ ಹೆಚ್ಚು ದೇಶ ಒಪ್ಪಿದ್ದನ್ನು ನಾಲ್ಕು ದೇಶ ತಡೆಯೋದು ಯಾವ ನ್ಯಾಯ?

ಉತ್ತರ: ಸರ್, ಮತಕ್ಕೆ ಹಾಕುವ ನಿಯಮವೇ ಇಲ್ಲ. ಸಭೆ ನಡೆಸುವ ನಿಯಮಗಳ ಕರಡಿನಲ್ಲಿ ಮತದಾನದ ಬಗ್ಗೆ 42ನೇ ನಿಯಮ ಅಂತ ಒಂದಿದೆ. 1995ರಲ್ಲಿ ಬರ್ಲಿನ್‌ನ ಮೊದಲ ಸಮ್ಮೇಳನದಲ್ಲೇ ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ತೈಲ ದೇಶಗಳು, ಮುಖ್ಯವಾಗಿ ಸೌದಿ ಅರೇಬಿಯಾ, ಬಿಡಲಿಲ್ಲ. ಇವತ್ತಿಗೂ ಅದು ಕರಡಾಗಿಯೇ ಇದೆ. ಹಾಗಾಗಿ ಎಲ್ಲವೂ ಒಮ್ಮತದಿಂದಲೇ ಆಗಬೇಕು.

ಆದರೆ ಒಮ್ಮತ ಅಂದರೇನು ಅಂತಲೂ ಎಲ್ಲೂ ಬರೆದಿಲ್ಲ. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಬೆರಳೆಣಿಕೆಯ ದೇಶಗಳು ವಿರೋಧಿಸಿದ್ದಕ್ಕೆ ಒಪ್ಪಂದಕ್ಕೆ ಅಂಗೀಕಾರವೇ ಸಿಗಲಿಲ್ಲ, 'ಗಮನಿಸಲಾಯಿತು' ಅಂತ ಬರೆದು ಎದ್ದರು. ಮರುವರ್ಷ ಕ್ಯಾನ್‌ಕುನ್‌ನಲ್ಲಿ ಬೊಲಿವಿಯಾ ಒಂದೇ ಬೇಡ ಅಂದಾಗ, ಒಮ್ಮತಕ್ಕೆ ಒಂದು ದೇಶದ ವೀಟೊ ಅಡ್ಡಿಯಲ್ಲ ಅಂತ ಅಧ್ಯಕ್ಷೆ ಸುತ್ತಿಗೆ ಬಡಿದರು, ಅಂದರೆ ನಿರ್ಣಯ ಅಂಗೀಕಾರವಾಯಿತು ಅಂತ ಸಾರಿದರು. 2023ರಲ್ಲಿ ದುಬೈಯಲ್ಲಿ ಪುಟ್ಟ ದ್ವೀಪ ದೇಶಗಳವರು ಇನ್ನೂ ಸಭಾಂಗಣಕ್ಕೆ ಬಂದೇ ಇರಲಿಲ್ಲ, ಅಷ್ಟರಲ್ಲಿ ನಿರ್ಣಯ ಮುಗಿದಿತ್ತು. ಸಮುದ್ರ ಮನೆ ಬಾಗಿಲಿಗೆ ಬಂದಿರುವವರೇ ಅವರು. ನನಗೆ ಇವತ್ತಿಗೂ ಸಿಟ್ಟು ಬರುವ ವಿಷಯ ಇದು.

ಪ್ರಶ್ನೆ (ಬ್ಯಾಂಕ್ ನೌಕರ, ಉಡುಪಿ): ಹಣದ ಕಥೆ ಹೇಳಿ. 100 ಬಿಲಿಯನ್, 300 ಬಿಲಿಯನ್, 1.3 ಟ್ರಿಲಿಯನ್ ಅಂತೆಲ್ಲ ಪೇಪರಿನಲ್ಲಿ ಬರುತ್ತೆ. ಯಾವುದು ನಿಜವಾಗಿ ಬಂತು?

ಉತ್ತರ: ಇಡೀ ಮಾತುಕತೆಯ ಗಂಟು ಇಲ್ಲೇ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ.

2009ರಲ್ಲಿ ಶ್ರೀಮಂತ ದೇಶಗಳು 2020ರ ಹೊತ್ತಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ಒದಗಿಸುತ್ತೇವೆ ಅಂದವು. ಅವರದೇ ಲೆಕ್ಕದಲ್ಲಿ ಆ ಗುರಿ ಮುಟ್ಟಿದ್ದು 2022ರಲ್ಲಿ, ಎರಡು ವರ್ಷ ತಡವಾಗಿ, ಸುಮಾರು 116 ಬಿಲಿಯನ್. ಆದರೆ ನೀವು ಬ್ಯಾಂಕಿನವರು, ನಿಮಗೆ ಇದು ತಕ್ಷಣ ಅರ್ಥವಾಗುತ್ತದೆ: ಸರ್ಕಾರಗಳಿಂದ ಮತ್ತು ಅಭಿವೃದ್ಧಿ ಬ್ಯಾಂಕುಗಳಿಂದ ಬಂದ ಹಣದಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಸಾಲ. ಸಾಲದ ಪೂರ್ತಿ ಮೊತ್ತವನ್ನೂ 'ಕೊಟ್ಟ ಹಣ' ಅಂತಲೇ ಲೆಕ್ಕಕ್ಕೆ ಹಿಡಿಯುತ್ತಾರೆ. ಚಂಡಮಾರುತದಲ್ಲಿ ಮನೆ ಕಳೆದುಕೊಂಡ ದೇಶ, ಅದನ್ನು ಮತ್ತೆ ಕಟ್ಟೋಕೆ ಸಾಲ ಮಾಡಿ ಬಡ್ಡಿ ಕಟ್ಟುತ್ತದೆ.

ಮುಂದಿನ ಗುರಿ 2024ರಲ್ಲಿ ಅಜರ್‌ಬೈಜಾನ್‌ನ ಬಾಕುವಿನಲ್ಲಿ ತೀರ್ಮಾನವಾಗಬೇಕಿತ್ತು. ಅಭಿವೃದ್ಧಿಶೀಲ ದೇಶಗಳು ವರ್ಷಕ್ಕೆ 1.3 ಟ್ರಿಲಿಯನ್ ಕೇಳಿದವು. ಒಪ್ಪಿಕೊಂಡಿದ್ದು 2035ರ ಹೊತ್ತಿಗೆ ವರ್ಷಕ್ಕೆ 300 ಬಿಲಿಯನ್, ಅದೂ ಸರ್ಕಾರಿ, ಖಾಸಗಿ ಎಲ್ಲ ಮೂಲ ಸೇರಿಸಿ. 1.3 ಟ್ರಿಲಿಯನ್ ಅನ್ನೋದು 'ಎಲ್ಲರೂ ಸೇರಿ ಪ್ರಯತ್ನಿಸೋಣ' ಎಂಬ ಸಾಲಿನಲ್ಲಿ ಉಳಿಯಿತು. ಭಾರತ ಮಾತಾಡಬೇಕು ಅಂತ ಮೊದಲೇ ತಿಳಿಸಿತ್ತು, ಅವಕಾಶ ಕೊಡದೆ ಸುತ್ತಿಗೆ ಬಡಿದರು. ಆಮೇಲೆ ನಮ್ಮ ಹಣಕಾಸು ಸಚಿವಾಲಯದ ಚಾಂದನಿ ರೈನಾ ಎದ್ದು, ಇದು ಬರೀ ಕಣ್ಕಟ್ಟು, ನಾವು ಒಪ್ಪಲ್ಲ ಅಂದರು. ಅವರು ಅಂದಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಶ್ರೀಮಂತ ದೇಶಗಳ ವಾದದಲ್ಲೂ ಒಂದು ತಿರುಳಿದೆ, ಅದನ್ನು ಮುಚ್ಚಿಡಬಾರದು. ಹಣ ಕೊಡಬೇಕಾದವರ ಪಟ್ಟಿ 1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ್ದು. ಅದರಲ್ಲಿ ಕತಾರ್, ಸಿಂಗಪುರ, ದಕ್ಷಿಣ ಕೊರಿಯಾ ಇಲ್ಲ. ಸೌದಿ ಇಲ್ಲ, ಚೀನಾವೂ ಇಲ್ಲ. ಅವರೂ ಕೊಡಲಿ ಅಂತ ಯುರೋಪ್ ಕೇಳುತ್ತದೆ, ಪಟ್ಟಿ ಮುಟ್ಟಬೇಡಿ ಅಂತ ಅಭಿವೃದ್ಧಿಶೀಲ ದೇಶಗಳವರು ಹೇಳುತ್ತಾರೆ. ವಾರಗಟ್ಟಲೆ ಚರ್ಚೆ ಇದೇ ಜಾಗದಲ್ಲಿ ನಿಂತಿರುತ್ತದೆ.

ಪ್ರಶ್ನೆ (ರೈತ, ಚಿತ್ರದುರ್ಗ): 2023ರಲ್ಲಿ ನಮ್ಮ ಕಡೆ ಮಳೆ ಕೈಕೊಡ್ತು. 'ನಷ್ಟ ಮತ್ತು ಹಾನಿ ನಿಧಿ' ಅಂತ ಮಾಡಿದ್ದಾರಂತಲ್ಲ, ಅದರಿಂದ ನಮಗೆ ಪರಿಹಾರ ಸಿಗುತ್ತಾ ಅಕ್ಕಾ?

ಉತ್ತರ: ಅಣ್ಣ, ಆ ನಿಧಿಗೆ 2022ರಲ್ಲಿ ಈಜಿಪ್ಟ್‌ನಲ್ಲಿ ಒಪ್ಪಿಗೆಯಾಯಿತು. ಪುಟ್ಟ ದ್ವೀಪ ದೇಶಗಳು 1991ರಿಂದ ಕೇಳುತ್ತಿದ್ದದ್ದು. ಮೂವತ್ತು ವರ್ಷದ ಹೋರಾಟ, ದೊಡ್ಡ ಗೆಲುವೇ. ಆದರೆ ಅದರಲ್ಲಿರುವ ಹಣ ನೋಡಿ. ಇಡೀ ಪ್ರಪಂಚಕ್ಕೆ ಇಲ್ಲಿಯವರೆಗೆ ಕೊಡ್ತೀವಿ ಅಂದಿರೋದು 100 ಕೋಟಿ ಡಾಲರ್ ಕೂಡ ಇಲ್ಲ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತಲ್ಲ, ಆಗ ಕರ್ನಾಟಕ ಕೇಂದ್ರದಿಂದ ಕೇಳಿದ್ದು 18,171 ಕೋಟಿ ರೂಪಾಯಿ. ಡಾಲರ್‌ನಲ್ಲಿ 200 ಕೋಟಿಗೂ ಮೇಲೆ. ಒಂದು ರಾಜ್ಯ, ಒಂದು ವರ್ಷದ ಬರ, ಅದರ ಅರ್ಧದಷ್ಟು ಹಣವೂ ಪ್ರಪಂಚದ ನಿಧಿಯಲ್ಲಿ ಇಲ್ಲ.

ಜೊತೆಗೆ, ಮೊದಲ ಕಂತಿನಲ್ಲಿ ಕನಿಷ್ಠ ಅರ್ಧ ದ್ವೀಪ ದೇಶಗಳಿಗೆ ಮತ್ತು ಅತಿ ಹಿಂದುಳಿದ ದೇಶಗಳಿಗೆ ಮೀಸಲು. ಅದು ನ್ಯಾಯವೇ. ಆ ವರ್ಷ ಎಲ್ ನಿನೊ ಕೂಡ ಇತ್ತು (ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮಳೆ ಕುಗ್ಗಿಸುವ ಸಹಜ ಏರಿಳಿತ), ಬರದಲ್ಲಿ ಹವಾಮಾನ ಬದಲಾವಣೆಯ ಪಾಲೆಷ್ಟು ಅಂತ ತೋರಿಸಬೇಕಾಗಿ ಬರುವ ತೊಡಕೂ ಇದೆ.

ಅದೇ ರೈತ: ಅಂದ್ರೆ ನಮಗೆ ಏನೂ ಇಲ್ಲ ಅಂತಾಯ್ತು.

ಉತ್ತರ: ಆ ನಿಧಿಯಿಂದ ನೇರವಾಗಿ ನಿಮ್ಮ ಹೊಲಕ್ಕೆ ಬರುತ್ತದೆ ಅಂತ ಆಸೆ ಹುಟ್ಟಿಸಲಾರೆ. ನಿಮ್ಮಂಥವರಿಗೆ ಹೆಚ್ಚು ಮುಖ್ಯವಾದದ್ದು ಹೊಂದಾಣಿಕೆಯ ಹಣ, ಅಂದರೆ ಬದಲಾಗುವ ಹವಾಮಾನಕ್ಕೆ ಹೊಂದಿಕೊಳ್ಳೋಕೆ ಕೊಡುವ ಹಣ. ಕೆರೆ, ಬರ ತಡೆಯುವ ತಳಿ, ಮುನ್ಸೂಚನೆ, ಇವಕ್ಕೆಲ್ಲ ಹೋಗೋದು ಅದು. ಬೆಲೆಂನಲ್ಲಿ 2035ರೊಳಗೆ ಅದನ್ನು ಮೂರು ಪಟ್ಟು ಮಾಡೋಣ ಅಂದಿದ್ದಾರೆ. ಬಡ ದೇಶಗಳು ಕೇಳಿದ್ದು 2030ರೊಳಗೆ. ಇದನ್ನು ಇನ್ನೂ ಒತ್ತಿ ಕೇಳಬೇಕು, ನಮ್ಮ ಪ್ರತಿನಿಧಿಗಳು ಹಣದ ಬಗ್ಗೆ ಮಾತಾಡುವಾಗ ಹೊಂದಾಣಿಕೆಗೆ ಕೊಡುವ ತೂಕ ನನಗೆ ಸಾಲದು ಅನಿಸುತ್ತದೆ.

ಪ್ರಶ್ನೆ (ಎಂಜಿನಿಯರ್, ಬೆಂಗಳೂರು): ಗ್ಲಾಸ್ಗೋದಲ್ಲಿ ಕಲ್ಲಿದ್ದಲಿನ ವಿಷಯದಲ್ಲಿ ಭಾರತವೇ ಅಡ್ಡಗಾಲು ಹಾಕಿತು ಅಂತಾರಲ್ಲ?

ಉತ್ತರ: 2021ರ ಗ್ಲಾಸ್ಗೋ ಕಾಪ್‌ನ ಕೊನೆ ಗಳಿಗೆಯಲ್ಲಿ, ಕಲ್ಲಿದ್ದಲು 'ನಿಲ್ಲಿಸೋಣ' ಎಂಬ ವಾಕ್ಯವನ್ನು 'ಕಡಿಮೆ ಮಾಡೋಣ' ಅಂತ ಸಡಿಲ ಮಾಡಿಸಿದ್ದು ಭಾರತ ಮತ್ತು ಚೀನಾ, ನಿಜ. ನನಗದು ಇಷ್ಟವಾಗಲಿಲ್ಲ. ಆದರೆ ಕರಡಿನಲ್ಲಿ ಕಲ್ಲಿದ್ದಲನ್ನು ಮಾತ್ರ ಹೆಸರಿಸಿ, ತೈಲ ಮತ್ತು ಅನಿಲವನ್ನು ಬಿಟ್ಟಿದ್ದರು. ತೈಲ, ಅನಿಲ ಉರಿಸಿ ಶ್ರೀಮಂತರಾದವರಿಗೆ ಅದು ಅನುಕೂಲ. ಎಲ್ಲ ಪಳೆಯುಳಿಕೆ ಇಂಧನದಿಂದ ದೂರ ಸರಿಯೋಣ ಎಂಬ ಮಾತು ಬಂದಿದ್ದು 2023ರಲ್ಲಿ, ದುಬೈಯಲ್ಲಿ. ಅದಕ್ಕೊಂದು ಮಾರ್ಗನಕ್ಷೆ ಬೇಕು ಅಂತ ಬೆಲೆಂನಲ್ಲಿ 80ಕ್ಕೂ ಹೆಚ್ಚು ದೇಶ ಪಟ್ಟು ಹಿಡಿದವು, ಅಂತಿಮ ಪಠ್ಯದಲ್ಲಿ 'ಪಳೆಯುಳಿಕೆ ಇಂಧನ' ಎಂಬ ಪದವೇ ಇರಲಿಲ್ಲ. ನಮ್ಮ ದೇಶ ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧವನ್ನು ಪಳೆಯುಳಿಕೆಯೇತರ ಮೂಲಕ್ಕೆ ತರುವ ಗುರಿಯನ್ನು ಐದು ವರ್ಷ ಮೊದಲೇ, 2025ರಲ್ಲೇ ಮುಟ್ಟಿದೆ. ಆದರೆ ನಿಜವಾಗಿ ಉತ್ಪಾದನೆಯಾಗುವ ಕರೆಂಟಿನಲ್ಲಿ ಈಗಲೂ ಹೆಚ್ಚಿನ ಪಾಲು ಕಲ್ಲಿದ್ದಲಿನದೇ.

ಪ್ರಶ್ನೆ (ವಿದ್ಯಾರ್ಥಿನಿ, ಕಲಬುರಗಿ): ಅಮೆರಿಕ ಪ್ಯಾರಿಸ್ ಒಪ್ಪಂದ ಬಿಟ್ಟಿತಲ್ಲ, ಇನ್ನು ಮುಗೀತಾ? ಮತ್ತೆ ನಾನು ಈ ವಿಷಯ ಓದಬೇಕು ಅಂತಿದ್ದೀನಿ, ಎಲ್ಲಿಂದ ಶುರು ಮಾಡಲಿ ಮೇಡಂ?

ಉತ್ತರ: ಮುಗಿಯಲಿಲ್ಲಮ್ಮ. ಪೆಟ್ಟು ದೊಡ್ಡದು, ಹಣದ ವಿಷಯದಲ್ಲಂತೂ. ಆದರೆ ಅವರ ಹಿಂದೆ ಬೇರೆ ದೇಶಗಳು ಸಾಲಾಗಿ ಹೊರನಡೆಯಲಿಲ್ಲ. ಇನ್ನೊಂದು: ವನುವಾಟು ಎಂಬ ಪುಟ್ಟ ದ್ವೀಪ ದೇಶದ ನೇತೃತ್ವದ ಪ್ರಯತ್ನದಿಂದ 2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಅಭಿಪ್ರಾಯ ಕೊಟ್ಟಿತು. ಹವಾಮಾನ ಕಾಪಾಡುವುದು ಕಾನೂನಿನ ಹೊಣೆ, ಒಪ್ಪಂದದಲ್ಲಿ ಇಲ್ಲದ ದೇಶಕ್ಕೂ ಹೊಣೆ ಇದ್ದೇ ಇದೆ ಅಂತ. ಅದರ ಹಿಂದಿನ ಮೊದಲ ಒತ್ತಾಯ ಬಂದಿದ್ದು ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳಿಂದ, ನಿನ್ನ ವಯಸ್ಸಿನವರಿಂದ.

ಓದೋಕೆ: ಮೊದಲು ಪ್ಯಾರಿಸ್ ಒಪ್ಪಂದವನ್ನೇ ಓದು, 29 ವಿಧಿ, ಒಂದು ವಾರಾಂತ್ಯದಲ್ಲಿ ಮುಗಿಯುತ್ತದೆ. ಹಣಕ್ಕೆ 9ನೇ ವಿಧಿ ಮುಖ್ಯ. ಆಮೇಲೆ ಜೂನ್‌ನಲ್ಲಿ ಜರ್ಮನಿಯ ಬಾನ್‌ನಲ್ಲಿ ಕಾಪ್‌ಗೆ ತಯಾರಿಯಾಗಿ ನಡೆಯುವ ಸಭೆ ನೋಡು. ವಿಶ್ವಸಂಸ್ಥೆಯ ಹವಾಮಾನ ಜಾಲತಾಣದಲ್ಲಿ ಮುಖ್ಯ ಸಭೆಗಳು ನೇರಪ್ರಸಾರವಾಗುತ್ತವೆ, ಕರಡುಗಳೂ ಅಲ್ಲೇ ಸಿಗುತ್ತವೆ. ಕರಡಿನಲ್ಲಿ ಚೌಕ ಆವರಣದೊಳಗೆ ಇರೋದೆಲ್ಲ ಇನ್ನೂ ಒಪ್ಪಿಗೆಯಾಗದ ಮಾತು. ಸುಮ್ನೆ ಭಾಷಣ ಕೇಳುವ ಬದಲು, ಮೊದಲ ದಿನದ ಕರಡು ಮತ್ತು ಕೊನೆ ದಿನದ ಕರಡು ಪಕ್ಕಪಕ್ಕ ಇಟ್ಟು ಏನೇನು ಮಾಯವಾಯಿತು ಅಂತ ಗುರುತು ಹಾಕು. ಅರ್ಥವಾಗದ ಸಾಲನ್ನು ಇಲ್ಲೇ ಹಾಕು, ನೋಡಿ ಹೇಳುತ್ತೇನೆ.