ಆರ್ಕಿಡ್ ಹೂ ಬಿಡುತ್ತಿಲ್ಲವೇ? ಮೊದಲು ಬೇರು ನೋಡಿ, ಆಮೇಲೆ ಕಿಟಕಿ

ನೀವು ಬರೆದದ್ದು ಇಷ್ಟು: ಜೆ.ಪಿ. ನಗರದಲ್ಲಿ ಮೂರನೇ ಮಹಡಿಯ ಫ್ಲಾಟು. ಗೃಹಪ್ರವೇಶಕ್ಕೆ ಬಂದ ಬಿಳಿ ಹೂವಿನ ಆರ್ಕಿಡ್. ಹೂ ಉದುರಿ ಎರಡು ವರ್ಷವಾಯಿತು, ಮತ್ತೆ ಹೂವಿನ ಕಡ್ಡಿ ಬಂದಿಲ್ಲ. ಎಲೆ ಕಡು ಹಸಿರು, ಆದರೆ ಜೋತುಬಿದ್ದಿದೆ. ಹಾಲ್‌ನಲ್ಲಿ ಟೀವಿ ಪಕ್ಕ, ಪಿಂಗಾಣಿ ಕುಂಡದಲ್ಲಿ ಇಟ್ಟಿದ್ದೀರಿ. ಅಕ್ಕಿ ತೊಳೆದ ನೀರು, ಕಾಫಿ ಚರಟ ಎಲ್ಲ ಹಾಕಿ ನೋಡಿದ್ದೀರಿ. ಅಕ್ಟೋಬರ್ ಬಂತು, ಈ ಸಲವಾದರೂ ಹೂ ಬರುತ್ತದಾ ಅಂತ ಕೇಳಿದ್ದೀರಿ.

ಮೊದಲಿಗೆ, ಗಿಡ ಬಿಸಾಡಬೇಡಿ. ಗಟ್ಟಿ ಎಲೆ ಒಂದೆರಡು ಇದ್ದರೂ ಚೇತರಿಸಿಕೊಳ್ಳುವ ಗಿಡ ಇದು. ನೀವು ಹೇಳಿದ್ದನ್ನು ನೋಡಿದರೆ ಅದು ಫೆಲನಾಪ್ಸಿಸ್. ಅಂಗಡಿಯಲ್ಲಿ ಉಡುಗೊರೆಗೆ ಅಂತ ಮಾರುವುದರಲ್ಲಿ ಇದೇ ಜಾಸ್ತಿ. ಇದಕ್ಕೆ ಗೊಬ್ಬರ ಸಾಲದೆ ಹೂ ನಿಲ್ಲುವುದು ಅಪರೂಪ. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಸಾಲದೆ ಇದ್ದದ್ದು ಬೆಳಕು ಮತ್ತು ರಾತ್ರಿಯ ತಂಪು. ಬೆಂಗಳೂರಿನಲ್ಲಿ ಎರಡೂ ಪುಕ್ಕಟೆ ಸಿಗುತ್ತವೆ, ಗಿಡವನ್ನು ಕಿಟಕಿಯ ಹತ್ತಿರ ತಂದರೆ ಸಾಕು.

ಆದರೆ ಅದಕ್ಕೆ ಮುಂಚೆ ಬೇರು ನೋಡಿ. ಪಿಂಗಾಣಿ ಕುಂಡದ ಒಳಗೆ ತೆಳು ಪ್ಲಾಸ್ಟಿಕ್ ಕುಂಡ ಇರುತ್ತದೆ, ಅದನ್ನು ಮೇಲೆತ್ತಿ. ಪಿಂಗಾಣಿಯ ತಳದಲ್ಲಿ ನೀರು ನಿಂತಿದ್ದರೆ, ಕೊಳೆತ ವಾಸನೆ ಬಂದರೆ, ಎಲೆ ಜೋತುಬಿದ್ದಿರುವ ಕಾರಣ ಅಲ್ಲೇ ಇದೆ. ಎಲೆ ಬಾಡಿದ್ದನ್ನು ನೋಡಿ ನಾವು ನೀರು ಸಾಲದು ಅಂದುಕೊಳ್ಳುತ್ತೇವೆ. ಒಳಗೆ ಬೇರು ಕೊಳೆತು ನೀರು ಕುಡಿಯಲಾಗದೆ ಎಲೆ ಸೊರಗಿರುತ್ತದೆ. ಮತ್ತೆ ನೀರು ಹಾಕಿದರೆ ಇನ್ನಷ್ಟು ಕೊಳೆಯುತ್ತದೆ.

ಬೇರನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ. ಒಳ್ಳೆಯ ಬೇರು ಗಟ್ಟಿಯಾಗಿರುತ್ತದೆ. ಒಣಗಿದಾಗ ಬೆಳ್ಳಿ ಬಣ್ಣ, ನೀರು ಬಿದ್ದ ಕೂಡಲೇ ಕಣ್ಣೆದುರೇ ಹಸಿರಾಗುತ್ತದೆ. ಕೊಳೆತ ಬೇರು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತದೆ, ಒತ್ತಿದರೆ ಮೇಲಿನ ಸಿಪ್ಪೆ ಜಾರಿ ಒಳಗಿನ ದಾರದಂಥ ಎಳೆ ಮಾತ್ರ ಕೈಗೆ ಬರುತ್ತದೆ. ಅಂಥದ್ದನ್ನೆಲ್ಲ ಕತ್ತರಿಸಿ ತೆಗೆಯಿರಿ. ಕತ್ತರಿಯನ್ನು ಮೊದಲು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಗಾಯಕ್ಕೆ ಚಕ್ಕೆ ಪುಡಿ ಹಚ್ಚಿ ಅಂತ ಹೇಳುವವರಿದ್ದಾರೆ. ಎಲೆಯ ಗಾಯಕ್ಕೆ ಪರವಾಗಿಲ್ಲ, ಬೇರಿಗೆ ಬೇಡ. ಅದು ಒಳ್ಳೆಯ ಬೇರನ್ನೂ ಒಣಗಿಸಿಬಿಡುತ್ತದೆ.

ಮಲೆನಾಡಿನ ಕಡೆಯವರಾಗಿದ್ದರೆ ನಿಮಗೆ ಸೀತಾಳೆ ದಂಡೆ ಗೊತ್ತೇ ಇರುತ್ತದೆ, ಅದೂ ಒಂದು ಕಾಡು ಆರ್ಕಿಡ್. ಮರದ ಕೊಂಬೆಗೆ ಅಂಟಿಕೊಂಡು, ಬೇರನ್ನು ಗಾಳಿಗೆ ಚಾಚಿಕೊಂಡು ಬದುಕುತ್ತದೆ. ಮಳೆ ಬಂದರೆ ನೆನೆಯುತ್ತದೆ, ನಿಂತರೆ ಬೇಗ ಒಣಗುತ್ತದೆ. ನಿಮ್ಮ ಗಿಡದ ಮೂಲ ಆಗ್ನೇಯ ಏಷ್ಯಾದ ಕಾಡುಗಳು, ಆದರೆ ಬದುಕುವ ರೀತಿ ಹೆಚ್ಚುಕಡಿಮೆ ಇದೇ. ಆದ್ದರಿಂದ ಮಣ್ಣು ಬೇಡ, ಎರೆಹುಳು ಗೊಬ್ಬರ ಬೇಡ, ಬರೀ ಕೋಕೋಪೀಟ್ ಕೂಡ ಬೇಡ. ಪೈನ್ ಮರದ ತೊಗಟೆ ಚೂರು, ಜೊತೆಗೆ ಒಂದಿಷ್ಟು ಇದ್ದಿಲು, ಅಷ್ಟೇ. ಲಾಲ್‌ಬಾಗ್ ಹತ್ತಿರ ಸಿದ್ದಾಪುರದ ನರ್ಸರಿಗಳಲ್ಲಿ ಕೇಳಿ. ಕುಂಡ ದೊಡ್ಡದು ಬೇಡ, ಬೇರು ಹಿಡಿಸುವಷ್ಟಿದ್ದರೆ ಸಾಕು, ತೂತು ಮಾತ್ರ ಜಾಸ್ತಿ ಇರಲಿ. ಅಕ್ಕಿ ತೊಳೆದ ನೀರು, ಕಾಫಿ ಚರಟ ಎರಡನ್ನೂ ಇವತ್ತೇ ನಿಲ್ಲಿಸಿ. ದಾಸವಾಳಕ್ಕೆ ಹಾಕಿ, ಸಂತೋಷವಾಗಿ ತಿನ್ನುತ್ತದೆ. ತೊಗಟೆಯ ಮಧ್ಯೆ ಅವು ಹುಳಿತು ಇರುವೆ, ಸಣ್ಣ ನೊಣ ಎಲ್ಲವನ್ನೂ ಕರೆತರುತ್ತವೆ.

ಇನ್ನು ಕಿಟಕಿ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ಕಡು ಹಸಿರು ಎಲೆ ನೋಡಲು ಚೆಂದ, ಆದರೆ ಆರ್ಕಿಡ್‌ನಲ್ಲಿ ಅದು ಬೆಳಕು ಸಾಲದು ಅನ್ನುವುದರ ಗುರುತು. ಎಲೆ ತಿಳಿ ಹಸಿರು ಇದ್ದರೆ ಬೆಳಕು ಸರಿಯಾಗಿದೆ ಅಂತ. ಹಳದಿಗೆ ತಿರುಗಿದರೆ, ಅಂಚಿಗೆ ಕೆಂಪು ಬಂದರೆ ಬಿಸಿಲು ಜಾಸ್ತಿಯಾಯಿತು. ಟೀವಿ ಪಕ್ಕ ನಮ್ಮ ಕಣ್ಣಿಗೆ ಬೆಳಕು ಧಾರಾಳ ಅನ್ನಿಸುತ್ತದೆ, ಗಿಡಕ್ಕೆ ಅದು ಕತ್ತಲು. ಪೂರ್ವದ ಕಿಟಕಿ ಇದ್ದರೆ ಬೇರೆ ಯೋಚನೆಯೇ ಬೇಡ. ಬೆಳಗಿನ ಎಳೆ ಬಿಸಿಲು ಬಿದ್ದರೆ ಒಳ್ಳೆಯದೇ.

ದಕ್ಷಿಣ, ಉತ್ತರದ ಬಾಲ್ಕನಿ ಇರುವವರು ಸ್ವಲ್ಪ ಲೆಕ್ಕ ಹಾಕಬೇಕು. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೆ, ಉಳಿದ ತಿಂಗಳೆಲ್ಲ ದಕ್ಷಿಣಕ್ಕೆ. ಅಂದರೆ ಮೇ, ಜೂನ್‌ನಲ್ಲಿ ನೆರಳಾಗಿದ್ದ ದಕ್ಷಿಣದ ಬಾಲ್ಕನಿಗೆ ಡಿಸೆಂಬರ್‌ನಲ್ಲಿ ಬಿಸಿಲು ಒಳಗಿನವರೆಗೂ ನುಗ್ಗುತ್ತದೆ. ಅಲ್ಲಿ ಇಡುವುದಾದರೆ ತೆಳು ಬಿಳಿ ಪರದೆ ಹಾಕಿ. ಪಶ್ಚಿಮದ ಬಿಸಿಲು ಮಾತ್ರ ಬೇಡ, ಎಲೆ ಸುಟ್ಟು ಕಪ್ಪು ಮಚ್ಚೆ ಬೀಳುತ್ತದೆ.

ಕಿಟಕಿಯಿಂದ ಇನ್ನೊಂದು ಲಾಭ ರಾತ್ರಿಯ ತಂಪು. ಕೆಲವು ವಾರ ತಂಪಾಗಿದ್ದರೆ ಫೆಲನಾಪ್ಸಿಸ್ ಹೂವಿನ ಕಡ್ಡಿ ಹೊರಡಿಸುತ್ತದೆ. ಸೆಕೆ ಇದ್ದಷ್ಟು ದಿನ ಎಲೆ ಬಿಡುತ್ತದೆ, ಕಡ್ಡಿ ಬಿಡುವುದಿಲ್ಲ. ನಮ್ಮ ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ 16 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಆದರೆ ಚಳಿ ಶುರುವಾದ ಕೂಡಲೇ ನಾವು ಸಂಜೆಗೇ ಕಿಟಕಿ ಮುಚ್ಚಿ ಕೂರುತ್ತೇವೆ, ಅಲ್ವಾ? ಹಾಲ್‌ನ ಮಧ್ಯದಲ್ಲಿರುವ ಗಿಡಕ್ಕೆ ಚಳಿಗಾಲ ಬಂದದ್ದೇ ತಿಳಿಯುವುದಿಲ್ಲ. ಮಲ್ಲೇಶ್ವರದಲ್ಲಿರುವ ನಮ್ಮ ಅತ್ತೆ ನವೆಂಬರ್ ಬಂದ ಕೂಡಲೇ ಗಿಡವನ್ನು ಸೊಳ್ಳೆ ಪರದೆಯ ಕಿಟಕಿಗೆ ಒರಗಿಸಿ ಇಡುತ್ತಾರೆ, ಗಾಜು ತೆರೆದೇ ಇರುತ್ತದೆ. ಸಂಕ್ರಾಂತಿ ಹೊತ್ತಿಗೆ ಕಡ್ಡಿ, ಯುಗಾದಿಗೆ ಹೂ. ಅವರಿಗೆ ಇದು ವರ್ಷವೂ ತಪ್ಪಿಲ್ಲ. ಗೊಬ್ಬರ ಹಾಕುವುದು ಮರೆತ ವರ್ಷಗಳಲ್ಲೂ ಹೂ ಬಂದಿದೆ, ಅದಕ್ಕೇ ನಾನು ಕಿಟಕಿ ಕಿಟಕಿ ಅಂತ ಹೇಳುತ್ತಿರುವುದು.

ನೀರಿನ ಬಗ್ಗೆ ಎಲ್ಲರೂ ವಾರಕ್ಕೆ ಎಷ್ಟು ಸಲ ಅಂತ ಕೇಳುತ್ತಾರೆ. ದಿನ ಎಣಿಸಬೇಡಿ, ಬೇರಿನ ಬಣ್ಣ ನೋಡಿ. ಬೆಳ್ಳಿ ಬಣ್ಣಕ್ಕೆ ತಿರುಗಿದಾಗ, ಬೆಳಗ್ಗೆ ಹೊತ್ತು, ಕುಂಡವನ್ನು ಸಿಂಕ್‌ನಲ್ಲಿಟ್ಟು ಧಾರಾಳವಾಗಿ ಹಾಕಿ ಪೂರ್ತಿ ಬಸಿಯಲು ಬಿಡಿ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಹತ್ತಿಯಿಂದ ಒರೆಸಿ. ಸುಳಿ ಕೊಳೆತರೆ ಗಿಡ ಉಳಿಯುವುದು ಕಷ್ಟ. ವೈಟ್‌ಫೀಲ್ಡ್‌ನ ಗೆಳತಿಯೊಬ್ಬಳ ಮನೆಯಲ್ಲಿ ಬೋರ್‌ವೆಲ್ ನೀರು. ತೊಗಟೆಯ ಮೇಲೆ ಬಿಳಿ ಉಪ್ಪು ಕಟ್ಟಿ ಬೇರಿನ ತುದಿಗಳೆಲ್ಲ ಸುಟ್ಟಿದ್ದವು. ತಾರಸಿಯ ಮಳೆ ನೀರು ಹಿಡಿದಿಟ್ಟು ಹಾಕಲು ಶುರುಮಾಡಿದ ಮೇಲೆ ಹೊಸ ಬೇರು ಬಂತು. ಕುಡಿಯುವ ಆರ್‌ಓ ನೀರೂ ಆಗುತ್ತದೆ. ಆದರೆ ಆರ್‌ಓ ಯಂತ್ರ ಹೊರಗೆ ಬಿಡುವ ನೀರು ಬೇಡ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ.

ಗೊಬ್ಬರ ಬೇಕೇ ಬೇಕು ಅನ್ನಿಸಿದರೆ 19-19-19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಾಗಿರುವ, ನೀರಲ್ಲಿ ಕರಗುವ ಗೊಬ್ಬರ), ಲೀಟರ್ ನೀರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ. ಒಣಗಿದ ಬೇರಿಗೆ ಹಾಕಬೇಡಿ, ಮೊದಲು ಬರೀ ನೀರು ಹಾಕಿ. ಬೇರು ಕತ್ತರಿಸಿದ್ದರೆ ಹೊಸ ಬೇರು ಬರುವವರೆಗೆ ಗೊಬ್ಬರವೇ ಬೇಡ. ಎಲೆಯ ಬುಡದಲ್ಲಿ ಹಿಟ್ಟು ತಿಗಣೆ ಕಂಡರೆ ಹತ್ತಿಗೆ ಸರ್ಜಿಕಲ್ ಸ್ಪಿರಿಟ್ ಹಚ್ಚಿ ಒರೆಸಿ ತೆಗೆಯಿರಿ.

ಕಡ್ಡಿ ಯಾವುದು, ಬೇರು ಯಾವುದು ಅಂತ ಮೊದಲ ಸಲ ತಿಳಿಯುವುದಿಲ್ಲ. ಬೇರಿನ ತುದಿ ದುಂಡಗೆ, ನುಣ್ಣಗೆ, ಹೊಳೆಯುತ್ತಾ ಇರುತ್ತದೆ. ಕಡ್ಡಿಯ ತುದಿ ಸ್ವಲ್ಪ ಚಪ್ಪಟೆ, ಪಕ್ಕದಲ್ಲಿ ಸಣ್ಣ ಮಡಿಕೆ ಕಾಣುತ್ತದೆ, ಮೇಲಕ್ಕೆ ಹೊರಟಿರುತ್ತದೆ. ಕಡ್ಡಿ ಕಂಡ ಮೇಲೆ ಕುಂಡವನ್ನು ತಿರುಗಿಸಬೇಡಿ, ಕಡ್ಡಿ ಬೆಳಕಿಗೆ ತಿರುಗಿ ಸೊಟ್ಟಗಾಗುತ್ತದೆ. ಹೂ ಅರಳಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಕಾಯಬೇಕು.

ಮೊಗ್ಗು ಬಂದಾಗ ಊಟದ ಮೇಜಿನ ಮೇಲೆ ಅಲಂಕಾರಕ್ಕೆ ಇಡುವವರಿಗೆ ಒಂದು ಮಾತು. ನಮ್ಮ ಪಕ್ಕದ ಮನೆಯ ಆಂಟಿ ಹಾಗೆ ಇಟ್ಟರು, ಪಕ್ಕದಲ್ಲೇ ಪುಟ್ಟಬಾಳೆ ಚಿಪ್ಪು. ಮೊಗ್ಗುಗಳು ಒಂದೊಂದಾಗಿ ಹಳದಿಯಾಗಿ ಉದುರಿದವು. ಹಣ್ಣಾಗುವ ಬಾಳೆ, ಮಾವಿನಿಂದ ಎಥಿಲೀನ್ ಅನಿಲ ಹೊರಡುತ್ತದೆ, ಆರ್ಕಿಡ್ ಮೊಗ್ಗಿಗೆ ಅದು ಆಗುವುದಿಲ್ಲ. ಜಾಗ ಬದಲಾಯಿಸಿದ್ದೂ ಕಾರಣ ಇರಬಹುದು. ಅರಳುವವರೆಗೆ ಕಿಟಕಿಯಲ್ಲೇ ಇರಲಿ.

ನಿಮ್ಮ ಗಿಡದ ವಿಷಯಕ್ಕೆ ಬಂದರೆ, ಗಟ್ಟಿ ಬೇರು ಅರ್ಧಕ್ಕಿಂತ ಜಾಸ್ತಿ ಇದ್ದರೆ ಈಗಲೇ ಕಿಟಕಿಗೆ ತನ್ನಿ, ಈ ಚಳಿಗಾಲದಲ್ಲೇ ಕಡ್ಡಿ ನಿರೀಕ್ಷಿಸಬಹುದು. ಬೇರೆಲ್ಲ ಕೊಳೆತಿದ್ದರೆ ತೊಗಟೆಗೆ ಬದಲಾಯಿಸಿ, ಈ ವರ್ಷ ಹೂವಿನ ಆಸೆ ಬಿಡಿ. ಅಕಸ್ಮಾತ್ ಕಡ್ಡಿ ಬಂದರೂ ಬುಡದಲ್ಲಿ ಕತ್ತರಿಸಿ. ಕರುಳು ಚುರ್ ಅನ್ನುತ್ತದೆ, ಗೊತ್ತು. ಆದರೆ ಸೋತ ಗಿಡ ಇದ್ದ ಶಕ್ತಿಯನ್ನೆಲ್ಲ ಹೂವಿಗೆ ಸುರಿದರೆ ಬೇರಿಗೆ ಏನೂ ಉಳಿಯುವುದಿಲ್ಲ. ಕುಂಡದಿಂದ ತೆಗೆದ ಮೇಲೆ ಬೇರು ಹೇಗಿದೆ, ಕಿಟಕಿ ಯಾವ ದಿಕ್ಕಿಗೆ ಇದೆ ಅಂತ ಬರೆಯಿರಿ, ಎಲ್ಲಿ ಇಡುವುದು ಅಂತ ಹೇಳುತ್ತೇನೆ.