ಆಡಿಟರ್ ಸರ್ ಅವರನ್ನು ಕೇಳಿ: ಬೇಗ ದುಡ್ಡು ಮಾಡಲು ಹೊರಟ ನಮ್ಮ ಹುಡುಗರು

ಅಡ್ಮಿನ್: ಭಾನುವಾರದ ಪ್ರಶ್ನೋತ್ತರ ಶುರು ಮಾಡೋಣ. ಹಾಸನದ ನಮ್ಮ ಆಡಿಟರ್ ಸರ್ ಸಂಜೆ ಆರರಿಂದ ಇರುತ್ತಾರೆ. ಶೇರು, ಸಾಲದ ಆ್ಯಪ್, ಬೆಟ್ಟಿಂಗ್, ಡಬಲ್ ಸ್ಕೀಮು, ಏನಿದ್ದರೂ ಕೇಳಿ. ಹೆಸರು ಬೇಡ, ಊರು ಸಾಕು.

ಅರಕಲಗೂಡು: ನಮಸ್ಕಾರ ಸರ್. ಮಗ ಬಿಕಾಂ ಎರಡನೇ ವರ್ಷ. ಆಪ್ಷನ್ ಟ್ರೇಡಿಂಗ್ ಕಲಿಯುತ್ತೇನೆ, 50,000 ಕೊಡಿ ಅಂತ ಹಟ ಹಿಡಿದಿದ್ದಾನೆ. ಕೊಡಬಹುದಾ?

ಆಡಿಟರ್: ನಮಸ್ಕಾರ. ಕೊಡಬೇಡಿ. ಫ್ಯೂಚರ್, ಆಪ್ಷನ್ ಅಂದರೆ ಬೆಲೆ ಮುಂದೆ ಏರುತ್ತದೋ ಇಳಿಯುತ್ತದೋ ಎಂದು ದುಡ್ಡು ಕಟ್ಟುವ ವ್ಯವಹಾರ. 2024ರ ಸೆಪ್ಟೆಂಬರ್‌ನಲ್ಲಿ ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಮೂರು ವರ್ಷದ ಲೆಕ್ಕ ಹೊರಗಿಟ್ಟಿತು. ಫ್ಯೂಚರ್, ಆಪ್ಷನ್‌ಗೆ ಕೈಹಾಕಿದ ಜನಸಾಮಾನ್ಯರಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ತಲೆಗೆ ಸರಾಸರಿ ಸುಮಾರು 2 ಲಕ್ಷ. 2023-24ರಲ್ಲಿ ಆಡಿದವರಲ್ಲಿ 100ಕ್ಕೆ 43 ಮಂದಿ ಮೂವತ್ತು ವರ್ಷದ ಒಳಗಿನವರು. ಕಲಿಯುವ ಆಸೆ ನಿಜವಾಗಿದ್ದರೆ ಯಾವುದಾದರೂ ಕಂಪನಿಯ ವಾರ್ಷಿಕ ವರದಿ ಓದಲಿ. ಅದು ಪುಕ್ಕಟೆ ಸಿಗುತ್ತದೆ.

ಕಡೂರು: ಸರ್, ಆಪ್ಷನ್‌ನಲ್ಲಿ ಆದ ನಷ್ಟವನ್ನು ರಿಟರ್ನ್‌ನಲ್ಲಿ ತೋರಿಸಬೇಕಾ?

ಆಡಿಟರ್: ತೋರಿಸಬೇಕು. ಆದಾಯ ತೆರಿಗೆಯ ಐಟಿಆರ್-3 ಫಾರಂ. ಗಡುವಿನೊಳಗೆ ಹಾಕಿದರೆ ಎಂಟು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು.

ಚನ್ನರಾಯಪಟ್ಟಣ: ಸರ್, ನನ್ನ ತಮ್ಮನ ವಿಷಯ. 23 ವರ್ಷ, ಹಾಸನದಲ್ಲಿ ಕೆಲಸ. ಆಪ್ಷನ್‌ನಲ್ಲಿ ಆರು ಲಕ್ಷ ಕಳೆದಿದ್ದಾನೆ. ನಮಗೆ ಗೊತ್ತಾಗಿದ್ದು ಬೈಕಿನ ಟ್ಯಾಂಕ್ ಕವರಿನಲ್ಲಿ ಅಮ್ಮನ ಸರ ಅಡವಿಟ್ಟ ಚೀಟಿ ಸಿಕ್ಕಾಗ. ಕಳೆದ ದುಡ್ಡನ್ನು ವಾಪಸ್ ತೆಗೆಸಿಕೊಡುತ್ತೇವೆ ಎಂದು ಟೆಲಿಗ್ರಾಂನಲ್ಲಿ ಒಬ್ಬರು ಮೊನ್ನೆ 12,000 ಕಟ್ಟಿಸಿಕೊಂಡಿದ್ದಾರೆ. ಇವನ ಹೆಸರಲ್ಲಿ ಹೊಸ ಖಾತೆ ತೆಗೆಸಿ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೂಡ ತೆಗೆದುಕೊಂಡರಂತೆ. ಇವನು ಸರಿಯಾಗಿ ಊಟ ಮಾಡುತ್ತಿಲ್ಲ. ಸರ ಬಿಡಿಸೋದು ಹೇಗೆ ಅಂತ ಕೇಳೋಣ ಅಂತ ಬಂದೆ.

ಆಡಿಟರ್: ತಾಯಿ, ಸರದ ವಿಷಯ ಆಮೇಲೆ ನೋಡೋಣ. ಆ ಖಾತೆ ನನಗೆ ಬಹಳ ಭಯ ತರಿಸಿದೆ. ಪೂರ್ತಿ ಓದಿ.

ಎಲ್ಲೋ ಯಾರಿಗೋ ಮೋಸ ಮಾಡಿ ಎತ್ತಿದ ದುಡ್ಡನ್ನು ದಾಟಿಸಲು ಇಂಥ ಖಾತೆ ಬಳಸುತ್ತಾರೆ. ಬ್ಯಾಂಕಿನವರು ಇದನ್ನು ಮ್ಯೂಲ್ ಅಕೌಂಟ್ ಎನ್ನುತ್ತಾರೆ. ದುಡ್ಡು ಕಳೆದುಕೊಂಡವರು ದೂರು ಕೊಟ್ಟಾಗ ಪೊಲೀಸರ ಕೈಗೆ ಮೊದಲು ಸಿಗುವ ಹೆಸರು ನಿಮ್ಮ ತಮ್ಮನದು. ಟೆಲಿಗ್ರಾಂನಲ್ಲಿ ಮಾತಾಡಿದವನದಲ್ಲ.

ಹೋದ ವರ್ಷ ಆಲೂರು ಕಡೆಯ ಒಬ್ಬರು ಮಗನನ್ನು ಕರೆದುಕೊಂಡು ನನ್ನ ಆಫೀಸಿಗೆ ಬಂದಿದ್ದರು. ಪಾಸ್‌ಬುಕ್ ಬಿಚ್ಚಿ ಮೇಜಿನ ಮೇಲಿಟ್ಟರು. ಮೇಲಿನ ಅರ್ಧ ಪುಟದಲ್ಲಿ ಡೇರಿಯ ಹಾಲಿನ ಬಟವಾಡೆ, 2,340, 2,610, ಹೀಗೆ. ಕೆಳಗಿನ ಅರ್ಧದಲ್ಲಿ 48,000 ಜಮೆ, ಅದೇ ದಿನ 48,000 ಖರ್ಚು. ಮತ್ತೆ 90,000 ಜಮೆ, ಅದೇ ದಿನ ಖಾಲಿ. ಹುಡುಗನಿಗೆ ಸಿಕ್ಕ ಕಮಿಷನ್ 3,000. ಬೇರೆ ರಾಜ್ಯದ ಪೊಲೀಸರ ಪತ್ರ ಬಂದು ಖಾತೆ ಸ್ತಂಭನವಾಯಿತು. ಅಪ್ಪನ ಹಾಲಿನ ದುಡ್ಡೂ ಅದರೊಳಗೇ ನಿಂತಿತು, ಜಂಟಿ ಖಾತೆ ಅದು. ಆ ಅಪ್ಪ ಮೇಜಿನ ಮೇಲಿನ ಪಾಸ್‌ಬುಕ್ಕನ್ನು ಬೆರಳಲ್ಲಿ ಒತ್ತಿ ಹಿಡಿದುಕೊಂಡೇ ಕೂತಿದ್ದರು. ನನಗೆ ಈಗಲೂ ಅದು ಕಣ್ಣ ಮುಂದಿದೆ.

ಆದ್ದರಿಂದ ಈ ರಾತ್ರಿಯೇ ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿ. 12,000 ಹೋಗಿದ್ದಕ್ಕೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ. ತಡವಾದಷ್ಟೂ ದುಡ್ಡು ದೂರ ಹೋಗುತ್ತದೆ. ಬೆಳಿಗ್ಗೆ ಸಿಮ್ ಬಂದ್ ಮಾಡಿಸಿ. ಅವನ ಹೆಸರಲ್ಲಿ ಬೇರೆ ಸಿಮ್ ಇದೆಯಾ ಎಂದು ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನೋಡಿ. ಬ್ಯಾಂಕ್ ಮ್ಯಾನೇಜರ್‌ಗೆ ನಡೆದದ್ದನ್ನು ನಡೆದಂತೆ ಬರೆದ ಪತ್ರ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಅದನ್ನು ಹಿಡಿದು ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋಗಿ, ಜೊತೆಗೆ ವಕೀಲರಿರಲಿ. ಚಾಟ್ ಅಳಿಸಬೇಡಿ, ಒಂದೂ ಅಳಿಸಬೇಡಿ.

ಆಪ್ಷನ್‌ನಲ್ಲಿ ಹೋದ ದುಡ್ಡನ್ನು ಯಾರೂ ವಾಪಸ್ ತರಲಾರರು. ತರುತ್ತೇವೆ ಅನ್ನುವವರೆಲ್ಲ ಕಳ್ಳರು. ನಷ್ಟವಾದವರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ಮತ್ತೆ ಅಲ್ಲೇ ಆಡಿದ್ದಾರೆ ಎಂದು ಅದೇ ಸೆಬಿ ವರದಿ ಹೇಳುತ್ತದೆ. ಹೋದದ್ದನ್ನು ಒಂದೇ ವಾರದಲ್ಲಿ ಹಿಡಿಯಬೇಕು, ಮನೆಗೆ ಗೊತ್ತಾಗಬಾರದು. ಈ ಅವಸರವೇ ಅವನನ್ನು ಟೆಲಿಗ್ರಾಂವರೆಗೆ ತಂದಿದೆ. ಈಗ ಬೈಯಬೇಡಿ. ರಾತ್ರಿ ಒಬ್ಬನನ್ನೇ ಬಿಡಬೇಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ 14416 ಟೆಲಿ ಮಾನಸ್‌ಗೆ ಫೋನ್ ಮಾಡಿಸಿ, ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ.

ಚನ್ನರಾಯಪಟ್ಟಣ: ಈಗಲೇ ಫೋನ್ ಮಾಡುತ್ತೇನೆ ಸರ್.

ಬೇಲೂರು: ಬಂದದ್ದನ್ನು ಹಾಕುತ್ತಿದ್ದೇನೆ. "ಸಾಲದ ಆ್ಯಪ್ ಡಿಲೀಟ್ ಮಾಡಿ ಸಿಮ್ ಮುರಿದರೆ ಸಾಲ ತೀರಿದಂತೆ. ರಿಸರ್ವ್ ಬ್ಯಾಂಕ್ ಹೊಸ ನಿಯಮ. ಹತ್ತು ಗುಂಪಿಗೆ ಕಳಿಸಿ."

ಆಡಿಟರ್: ಸುಳ್ಳು. ಅಂಥ ನಿಯಮ ಇಲ್ಲ. ಆ್ಯಪ್ ತೆಗೆದರೆ ಸಾಲ ತೀರುವುದಿಲ್ಲ, ನಿಮ್ಮ ಹತ್ತಿರವಿದ್ದ ಸಾಕ್ಷಿ ಹೋಗುತ್ತದೆ. ದಯವಿಟ್ಟು ಈ ಮೆಸೇಜ್ ತೆಗೆಯಿರಿ.

ಸಕಲೇಶಪುರ: ಈಗಿನವರಿಗೆ ತಾಳ್ಮೆಯೇ ಇಲ್ಲ. ನಾವು ಅರೇಬಿಕಾ ಗಿಡ ನೆಟ್ಟು ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಕಾದವರು. ಇವರಿಗೆ ಬಿತ್ತಿದ ದಿನವೇ ಕೊಯ್ಯಬೇಕು.

ಮೂಡಿಗೆರೆ: ಕಾಯಲು ನಿಮಗೆ ತೋಟ ಇತ್ತು ಅಣ್ಣ. ನನಗೆ ಶೋರೂಮಿನಲ್ಲಿ 16,000 ಸಂಬಳ. ರೂಮಿಗೆ 4,500, ಊಟಕ್ಕೆ 5,000, ಮನೆಗೆ 4,000. ಯಾವ ಗಿಡ ನೆಡಲಿ, ಎಲ್ಲಿ ನೆಡಲಿ?

ಸಕಲೇಶಪುರ: ತೋಟ ಇದ್ದರೆ ಸುಮ್ನೆ ದುಡ್ಡು ಬರುತ್ತದಾ? ಕೆಲಸಕ್ಕೆ ಆಳಿಲ್ಲ. ಆನೆ ಬಂದು ಒಂದು ರಾತ್ರಿ ನಡೆದಾಡಿದರೆ ಗಿಡ ಮಲಗುತ್ತದೆ. ದುಡಿದು ನೋಡು ಗೊತ್ತಾಗುತ್ತದೆ.

ಮೂಡಿಗೆರೆ: 2023ರಲ್ಲಿ ಶುಂಠಿ ಬೆಲೆ ಏರಿದಾಗ ಗುತ್ತಿಗೆ ಜಮೀನಿಗೆ ಓಡಿದವರು ಯಾರು? ಹುಡುಗರಾ? ನಮ್ಮ ಮಾವನ ವಯಸ್ಸು 55. ಸಾಲ ತೆಗೆದು ಹಾಕಿದರು. ಮರುವರ್ಷ ಬೆಲೆ ಬಿತ್ತು, ಅರ್ಧ ಕೊಳೆ ರೋಗಕ್ಕೆ ಹೋಯಿತು. ಆಗ ಯಾರೂ ತಾಳ್ಮೆಯ ಪಾಠ ಹೇಳಲಿಲ್ಲ.

ಸಕಲೇಶಪುರ: ಬೆಳೆಯನ್ನೂ ಜೂಜನ್ನೂ ಒಂದೇ ತಕ್ಕಡಿಗೆ ಹಾಕಬೇಡ. ದೊಡ್ಡವರ ಹತ್ತಿರ ಮಾತಾಡುವ ರೀತಿಯಾ ಇದು?

ಹೊಳೆನರಸೀಪುರ: ಇಬ್ಬರೂ ನಿಲ್ಲಿಸಿ, ಬೇರೆಯವರು ಕೇಳಬೇಕು.

ಮೂಡಿಗೆರೆ: ವಯಸ್ಸು ತೋರಿಸಿ ಬಾಯಿ ಮುಚ್ಚಿಸುವುದು ಬಿಟ್ಟು ಉತ್ತರ ಕೊಡಲಿ.

ಆಡಿಟರ್: ಮೂಡಿಗೆರೆಯವರು ಹೇಳಿದ್ದು ಸರಿ. ಶುಂಠಿಗೆ ಓಡಿದ ದೊಡ್ಡವರ ಲೆಕ್ಕವನ್ನೂ ನಾನೇ ಬರೆದಿದ್ದೇನೆ. ಆದರೆ ತಮ್ಮ, ನೀವು ಬರೆದ ಖರ್ಚು ಕಳೆದು 2,500 ಉಳಿಯುತ್ತದೆ. ಅದರಲ್ಲಿ 2,000 ಅಂಚೆ ಕಚೇರಿಯ ದೀರ್ಘಾವಧಿ ಉಳಿತಾಯ ಖಾತೆ ಪಿಪಿಎಫ್‌ಗೆ ಹೋಗಲಿ. ಈಗಿನ ಬಡ್ಡಿ 7.1. ಹದಿನೈದು ವರ್ಷಕ್ಕೆ ಕಟ್ಟಿದ್ದು 3.6 ಲಕ್ಷ, ಬಡ್ಡಿ ಹೀಗೇ ಇದ್ದರೆ ಕೈಗೆ ಬರುವುದು ಆರು ಲಕ್ಷಕ್ಕಿಂತ ಜಾಸ್ತಿ. ಕಡಿಮೆ ಅನ್ನಿಸುತ್ತದೆ, ಗೊತ್ತು. ಚನ್ನರಾಯಪಟ್ಟಣದ ಹುಡುಗ ಕಳೆದದ್ದೂ ಆರು ಲಕ್ಷವೇ.

ತರೀಕೆರೆ: ಸರ್, ಮಗಳ ಮದುವೆಗೆ ಚಿನ್ನ ಈಗ ತೆಗೆಯಬಹುದಾ, ಕಾಯಬೇಕಾ?

ಅರಸೀಕೆರೆ: ಮಗ ಆಪ್ಷನ್ ಕಲಿಯಬೇಕು ಅನ್ನುತ್ತಾನೆ, 20,000 ಮಾತ್ರ. ಪರವಾಗಿಲ್ವಾ ಸರ್?

ಆಡಿಟರ್: ಮೇಲೆ ಓದಿ.

ಕೊಪ್ಪ: ಟಿಪ್ಸ್ ಕೊಡುವವರು ಸೆಬಿ ನೋಂದಣಿ ಇದೆ ಎನ್ನುತ್ತಾರೆ. ನಂಬಬಹುದಾ?

ಆಡಿಟರ್: ನಂಬರ್ ಕೇಳಿ. ಸಲಹೆಗಾರರದು ಐಎನ್‌ಎ, ರಿಸರ್ಚ್ ಅನಲಿಸ್ಟ್‌ದು ಐಎನ್‌ಎಚ್ ಎಂದು ಶುರುವಾಗುತ್ತದೆ. ಸೆಬಿ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ. ನೋಂದಣಿ ಇದ್ದವರೂ ಇಷ್ಟೇ ಲಾಭ ಎಂದು ಖಾತ್ರಿ ಕೊಡುವಂತಿಲ್ಲ.

ಬೇಲೂರು: ಇದು ನಿಜಾನಾ ಸರ್? "ಒಂದು ಲಕ್ಷ ಹಾಕಿದರೆ ತಿಂಗಳಿಗೆ 10,000, ಹತ್ತು ತಿಂಗಳಲ್ಲಿ ಅಸಲು ವಾಪಸ್, ಹಾಸನದಲ್ಲೇ ಆಫೀಸ್."

ಆಡಿಟರ್: ನೀವು ಇವತ್ತು ಹಾಕಿದ ಎರಡನೆಯದು. ಅನುಮತಿ ಇಲ್ಲದೆ ಠೇವಣಿ ಎತ್ತುವುದು 2019ರ ಕಾನೂನಿನ ಪ್ರಕಾರ ಅಪರಾಧ. ಈ ಗುಂಪಿನಲ್ಲಿ ಮಕ್ಕಳ ಕೈಗೆ ಫೋನ್ ಕೊಟ್ಟ ಅಪ್ಪ ಅಮ್ಮ ಇದ್ದಾರೆ. ನಿಮ್ಮ ಫಾರ್ವರ್ಡ್ ನೋಡಿ ಒಬ್ಬರು ದುಡ್ಡು ಹಾಕಿದರೂ ಅದು ನಿಮ್ಮ ಕೈಯಿಂದ ಆದದ್ದು.

ಬೇಲೂರು: ನಾನು ಕೇಳಿದ್ದಷ್ಟೇ. ಇಷ್ಟು ಒರಟಾಗಿ ಹೇಳಬೇಕಾಗಿರಲಿಲ್ಲ.

ಹೊಳೆನರಸೀಪುರ: ಸರ್ ಹೇಳಿದ್ದು ಸರಿಯಾಗಿಯೇ ಇದೆ. ಮೊದಲು ಹಾಕಿ ಆಮೇಲೆ ಕೇಳುತ್ತೀರಿ.

ಬೇಲೂರು: ನಿಮ್ಮನ್ನು ಕೇಳಲಿಲ್ಲ.

ಶ್ರವಣಬೆಳಗೊಳ: ದುಡ್ಡು ಕಟ್ಟಿ ಆಡುವ ಗೇಮ್ ಬಂದ್ ಆಯಿತಲ್ಲ, ತಮ್ಮ ಇನ್ನೂ ಆಡುತ್ತಿದ್ದಾನೆ, ಹೇಗೆ?

ಆಡಿಟರ್: 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧದ ಕಾನೂನು ಮಾಡಿತು. ಈಗಲೂ ನಡೆಯುವುದು ಕಳ್ಳ ಆ್ಯಪ್. ಗೆದ್ದರೂ ದುಡ್ಡು ಕೈಗೆ ಬರುವ ಭರವಸೆ ಇಲ್ಲ.

ಅರಸೀಕೆರೆ: ಮೇಲೆ ಓದಿದೆ ಸರ್. 10,000 ಆದರೆ?

ಆಡಿಟರ್: ಬೇಡ.

ಚನ್ನರಾಯಪಟ್ಟಣ: ಸರ್, ಕಾರ್ಡ್ ನಿಲ್ಲಿಸಿದೆವು, 1930ರ ದೂರಿನ ನಂಬರ್ ಬಂತು. ತಮ್ಮ ಅಮ್ಮನ ಪಕ್ಕ ಕೂತು ಈಗ ಬಾಯಿಬಿಟ್ಟ. ಕೊಟ್ಟಿದ್ದು ಒಂದು ಖಾತೆ ಅಲ್ಲವಂತೆ, ಎರಡು. ಎರಡನೆಯದು ಅವನ ಸಂಬಳದ ಖಾತೆ.

ಆಡಿಟರ್: ಅದರ ಕಾರ್ಡನ್ನೂ ಈಗಲೇ ನಿಲ್ಲಿಸಿ. ಪತ್ರ ಎರಡು ಬರೆಯಿರಿ. ಹತ್ತು ಗಂಟೆಗೆ ಬ್ಯಾಂಕ್ ಬಾಗಿಲಲ್ಲಿರಿ, ಹೋಗುವ ಮುಂಚೆ ಕರಡು ನನಗೆ ಕಳಿಸಿ. ಹುಡುಗನೂ ಜೊತೆಗೆ ಬರಲಿ. ಊಟ ಮಾಡಿದನಾ?

ಚನ್ನರಾಯಪಟ್ಟಣ: ಈಗ ಅಮ್ಮ ತಟ್ಟೆ ಹಾಕುತ್ತಿದ್ದಾರೆ ಸರ್.