ಕಾಕಾ ಕಳುಹಿಸಿದ ಲ್ಯಾಟಿನ್

(ಕಲಬುರಗಿಯ ನಮ್ಮ ಮನೆತನದ ಗುಂಪಿನಲ್ಲಿ ಭಾನುವಾರ ನಡೆದ ಮಾತು. ಶುಭೋದಯದ ಹೂವುಗಳನ್ನೂ ಕೈಮುಗಿದ ಚಿತ್ರಗಳನ್ನೂ ತೆಗೆದುಹಾಕಿದ್ದೇನೆ.)

ಕಾಕಾ: (ಬೇರೆ ಗುಂಪಿನಿಂದ ಬಂದದ್ದು) ಇಂಗ್ಲಿಷ್ ಭಾಷೆ ಲ್ಯಾಟಿನ್ನಿನ ಮಗಳು! ರೋಮಿನ ಸೈನಿಕರಿಗೆ ದುಡ್ಡಿನ ಬದಲು ಉಪ್ಪು ಅಳೆದು ಕೊಡುತ್ತಿದ್ದರು, ಅದರಿಂದ ‘ಸ್ಯಾಲರಿ’. ಬಿರುಕು ಬಿಟ್ಟ ಮೂರ್ತಿಗೆ ಶಿಲ್ಪಿಗಳು ಮೇಣ ತುಂಬಿ ಮಾರುತ್ತಿದ್ದರು. ಮೇಣವಿಲ್ಲದ ಮೂರ್ತಿ ‘ಸಿನ್ಸಿಯರ್’. ನಾಲ್ಕು ದಿಕ್ಕುಗಳ ಮೊದಲ ಅಕ್ಷರ ಸೇರಿ ‘ನ್ಯೂಸ್’. ಬಿಳಿ ಬಟ್ಟೆ ತೊಟ್ಟವನು ‘ಕ್ಯಾಂಡಿಡೇಟ್’. ಒಂದೇ ಹಳ್ಳದ ನೀರಿಗೆ ಬಡಿದಾಡುವವರು ‘ರೈವಲ್’. ಹತ್ತು ಗುಂಪುಗಳಿಗೆ ಕಳುಹಿಸಿ.

ವೈನಿ: ಬಹಳ ಚೆನ್ನಾಗಿದೆ ಕಾಕಾ ಅವರೇ. ನಾಳೆ ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ನಮ್ಮ ಹುಡುಗಿ ಮೂರು ನಿಮಿಷ ಮಾತನಾಡಬೇಕು. ಇದನ್ನೇ ಬಾಯಿಪಾಠ ಮಾಡಿಸುತ್ತಿದ್ದೇನೆ.

ನಾನು: ವೈನಿ, ಸ್ವಲ್ಪ ತಡೆಯಿರಿ. ಐದರಲ್ಲಿ ಎರಡು ನಿಜ, ಎರಡು ಕಟ್ಟುಕಥೆ, ಒಂದು ಅರ್ಧಂಬರ್ಧ. ಮೇಲಿನ ಸಾಲಂತೂ ಪೂರ್ತಿ ತಪ್ಪು.

ಕಾಕಾ: ಮಾಸ್ತರಿಕೆಯಲ್ಲೇ ತಲೆ ನೆರೆಸಿದವನು ನಾನು. ಯಾವುದು ಕಟ್ಟುಕಥೆ, ಹೇಳಿಬಿಡು.

ನಾನು: ‘ನ್ಯೂಸ್’ನಲ್ಲಿ ದಿಕ್ಕೂ ಇಲ್ಲ, ದೆಸೆಯೂ ಇಲ್ಲ. ‘ನ್ಯೂ’ ಎಂದರೆ ಹೊಸತು; ಅದಕ್ಕೆ ಬಹುವಚನ ಹಚ್ಚಿದರೆ ಹೊಸ ಸಂಗತಿಗಳು. ಅದು ಲ್ಯಾಟಿನ್ನಿನಿಂದ ಬಂದ ಪದವೂ ಅಲ್ಲ, ಇಂಗ್ಲಿಷಿನ ಮನೆಯದೇ. ಇನ್ನು ಲ್ಯಾಟಿನ್ನಿನ ‘ಸಿಂಕೇರುಸ್’ ಎಂದರೆ ಬೆರಕೆಯಿಲ್ಲದ್ದು, ಶುದ್ಧವಾದದ್ದು. ‘ಸಿನೆ ಕೇರಾ’ ಎಂದರೆ ಮೇಣವಿಲ್ಲದೆ. ಎರಡರ ಉಚ್ಚಾರ ಹತ್ತಿರವಿದೆ ಎಂದು ಯಾರೋ ನಡುವೆ ಒಬ್ಬ ಶಿಲ್ಪಿಯನ್ನು ಕರೆತಂದು ಕೂರಿಸಿದ್ದಾರೆ. ನಿಘಂಟುಕಾರರು ಒಪ್ಪುವುದಿಲ್ಲ.

ಕಾಕಾ: ಮತ್ತೆ ಉಪ್ಪು?

ನಾನು: ಅದೇ ಅರ್ಧಂಬರ್ಧ. ‘ಸಾಲ್’ ಎಂದರೆ ಉಪ್ಪು, ‘ಸಲಾರಿಯುಂ’ ಎಂದರೆ ಭತ್ಯೆ. ಎರಡಕ್ಕೂ ನಂಟಿದೆ ಎಂದು ರೋಮಿನ ಲೇಖಕ ಹಿರಿಯ ಪ್ಲಿನಿ ಬರೆದಿದ್ದಾನೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತವನು ಅವನೇ. ಆದರೆ ಸೈನಿಕನ ಮುಂದೆ ಸಂಬಳವೆಂದು ಉಪ್ಪು ಸುರಿದರು ಎಂದು ಆ ಕಾಲದವರು ಯಾರೂ ಬರೆದಿಲ್ಲ. ರೋಮಿನ ಚಕ್ರವರ್ತಿ ಅಗಸ್ಟಸ್‌ನ ಕಾಲದಲ್ಲಿ ಕಾಲಾಳಿನ ವೇತನ ವರ್ಷಕ್ಕೆ 225 ಡೆನಾರಿಯಸ್, ಅಂದರೆ ಬೆಳ್ಳಿ ನಾಣ್ಯ. ಕುವೈತಿನ ಅಣ್ಣನಿಗೆ ತಿಂಗಳು ತಿಂಗಳು ಬರುವ ದಿನಾರ್ ಇದೆಯಲ್ಲ, ಆ ಹೆಸರು ಈ ಡೆನಾರಿಯಸ್‌ನದೇ.

ಅಣ್ಣ (ಕುವೈತ್): ಉಪ್ಪನ್ನೇ ಕೊಟ್ಟಿದ್ದರೆ ತಿಂಗಳ ಕೊನೆಗೆ ಒಂದಿಷ್ಟು ಉಳಿಯುತ್ತಿತ್ತು.

ಕಾಕಾ: ಉಪ್ಪು ತಿಂದ ಮನೆಗೆ ದ್ರೋಹ ಬಗೆಯಬಾರದು ಎಂದು ನಾವು ಹೇಳುವುದಿಲ್ಲವೇ? ಉರ್ದುವಿನಲ್ಲಿ ‘ನಮಕ್ ಹರಾಮ್’ ಎನ್ನುವುದಿಲ್ಲವೇ? ಮಕ್ಕಳ ತಲೆಯಲ್ಲಿ ಉಳಿಯುವುದು ಕಥೆ, ನಿನ್ನ ಪ್ಲಿನಿಯಲ್ಲ.

ಅತ್ತೆ (ಬೀದರ್): ಅಣ್ಣಾ, ಕಥೆಯೇ ಬೇಕಿದ್ದರೆ ನಮ್ಮ ‘ಸಂಬಳ’ವನ್ನು ಹೇಳಿಕೊಡು. ಸಂಸ್ಕೃತದ ‘ಶಂಬಲ’ ಎಂದರೆ ದಾರಿಯ ಬುತ್ತಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂದುಕೋ. ಅದಕ್ಕೆ ಯಾರೂ ಸುಳ್ಳು ಬೆರೆಸಬೇಕಾಗಿಲ್ಲ.

ಕಾಕಾ: ನೀನೂ ಅವನ ಕಡೆಗೇ. ಇರಲಿ, ಇಂಗ್ಲಿಷ್ ಲ್ಯಾಟಿನ್ನಿನ ಮಗಳಲ್ಲ ಎನ್ನುವುದಕ್ಕೆ ಏನು ಆಧಾರ? ಜಡ್ಜ್, ಜಸ್ಟಿಸ್, ಕೋರ್ಟ್ ಎಲ್ಲ ಎಲ್ಲಿಂದ ಬಂದವು?

ನಾನು: ಮೂಲ ಲ್ಯಾಟಿನ್ನೇ, ಬಂದದ್ದು ಫ್ರೆಂಚರ ಕೈಯಿಂದ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಆಳುವವರ ಮಾತು ಫ್ರೆಂಚ್ ಆಯಿತು, ನ್ಯಾಯಾಲಯದ ಪದಗಳೂ ಅದರಿಂದಲೇ ತುಂಬಿಕೊಂಡವು. ಆದರೆ ಮದರ್, ವಾಟರ್, ಬ್ರೆಡ್, ಹೌಸ್, ಈಟ್, ಸ್ಲೀಪ್ ಇವು ಯಾವುವೂ ಲ್ಯಾಟಿನ್ನಿನಿಂದ ಬಂದವಲ್ಲ. ಇಂಗ್ಲಿಷ್ ಜರ್ಮನಿಕ್ ಬಳಗದ ಭಾಷೆ. ನಮ್ಮ ಊರನ್ನೇ ನೋಡಿ ಕಾಕಾ. 1347ರಲ್ಲಿ ಬಹಮನಿಯವರು ಇಲ್ಲಿ ರಾಜಧಾನಿ ಮಾಡಿದರು, 1948ರವರೆಗೆ ನಿಜಾಮರ ಆಡಳಿತವಿತ್ತು. ವಕೀಲ, ಅರ್ಜಿ, ಜಮೀನು, ತಹಸೀಲ್ದಾರ, ದಸ್ತಾವೇಜು ಎಲ್ಲ ಪಾರಸಿ, ಅರಬ್ಬಿಯಿಂದ ಬಂದವು. ಹಾಗೆಂದು ಕನ್ನಡ ಪಾರಸಿಯ ಮಗಳಾಯಿತೇ? ತಹಸೀಲ್ ಕಚೇರಿಯಲ್ಲಿ ನಿಂತು ಪದ ಎಣಿಸಿದರೆ ಹಾಗೇ ಕಾಣುತ್ತದೆ. ಅಡುಗೆಮನೆಗೆ ಬಂದು ಎಣಿಸಬೇಕು.

ವಕೀಲ ಮಾಮಾ: ನಮ್ಮ ಪೇಶೆಯ ಮಾತು ಬಂತೆಂದು ಬಾಯಿ ಹಾಕುತ್ತಿದ್ದೇನೆ. ‘ರೈವಲ್’ ಪೂರ್ತಿ ನಿಜ. ‘ರೀವುಸ್’ ಎಂದರೆ ಹಳ್ಳ, ಕಾಲುವೆ. ಒಂದೇ ಕಾಲುವೆಯಿಂದ ನೀರು ಹಾಯಿಸಿಕೊಳ್ಳುವವರು ‘ರಿವಾಲೆಸ್’ ಎಂದು ರೋಮಿನ ಜಸ್ಟಿನಿಯನ್ ಚಕ್ರವರ್ತಿಯ ಕಾನೂನು ಸಂಗ್ರಹದಲ್ಲೇ ಇದೆ. ಅಂದಿಗೂ ಪಾಳಿ ತಪ್ಪಿಸಿ ರಾತ್ರಿ ಮಡೆ ತಿರುಗಿಸುವವರು ಇದ್ದಿರಬೇಕು. ಜೇವರ್ಗಿಯ ಹೊಲದ ವಿಷಯದಲ್ಲಿ ನಮ್ಮವರೇ...

ವೈನಿ: ಮಾಮಾ ಅವರೇ, ಹೊಲದ ಮಾತು ಈ ಗುಂಪಿನಲ್ಲಿ ಬೇಡ.

ನಾನು: ಆಯಿತು, ನೀರಿನ ಮಾತನ್ನೇ ಆಡೋಣ. ‘ರಿವರ್’ ಮತ್ತು ‘ರೈವಲ್’ ಅಕ್ಕತಂಗಿಯರಂತೆ ಕಾಣುತ್ತವೆ, ಆದರೆ ಅಲ್ಲ. ‘ರಿವರ್’ ಬಂದದ್ದು ‘ರೀಪಾ’ದಿಂದ, ಅಂದರೆ ದಂಡೆಯಿಂದ. ಕಿವಿಗೆ ಕೇಳಿದ್ದನ್ನು ನಂಬಿ ನಂಟು ಕಟ್ಟಬಾರದು ಎನ್ನುವುದು ಇದಕ್ಕೇ.

ಕಾಕಾ: ನನ್ನದು ಒಂದಾದರೂ ಸರಿ ಇದೆ ಎಂದು ಬಾಯಿ ಬಿಟ್ಟು ಹೇಳು.

ನಾನು: ಕ್ಯಾಂಡಿಡೇಟ್! ‘ಕಾಂದಿದುಸ್’ ಎಂದರೆ ಹೊಳೆಯುವ ಬಿಳಿ. ಮತ ಕೇಳಲು ಹೊರಟ ರೋಮಿನವನು ಉಡುಪಿಗೆ ಸೀಮೆಸುಣ್ಣ ತಿಕ್ಕಿಕೊಂಡು ಬರುತ್ತಿದ್ದ.

ಕಾಕಾ: ನೋಡಿದೆಯಾ? ಇಂದಿಗೂ ಟಿಕೆಟ್ ಸಿಕ್ಕ ಮರುದಿನವೇ ಇಸ್ತ್ರಿ ಮುರಿಯದ ಬಿಳಿ ಅಂಗಿ ಬರುತ್ತದೆ.

ನಾನು: ನಿಮ್ಮ ಪಟ್ಟಿಯಲ್ಲಿ ಬಿಟ್ಟುಹೋದದ್ದು ‘ಬಸ್’. ಲ್ಯಾಟಿನ್ನಿನಲ್ಲಿ ‘ಓಮ್ನಿಬುಸ್’ ಎಂದರೆ ‘ಎಲ್ಲರಿಗೂ’. 1820ರ ದಶಕದಲ್ಲಿ ಫ್ರಾನ್ಸಿನ ನಾಂತ್ ಪಟ್ಟಣದಲ್ಲಿ ಎಲ್ಲರೂ ಹತ್ತಬಹುದಾದ ಕುದುರೆ ಗಾಡಿಗೆ ಆ ಹೆಸರು ಬಿತ್ತು. ಆಮೇಲೆ ಜನ ಮುಂದಿನ ಭಾಗವನ್ನು ಕತ್ತರಿಸಿ ‘ಬಸ್’ ಒಂದನ್ನೇ ಉಳಿಸಿಕೊಂಡರು. ಅದು ಪದವೇ ಅಲ್ಲ, ಬರಿಯ ವಿಭಕ್ತಿ ಪ್ರತ್ಯಯ, ನಮ್ಮ ‘ಗಳಿಗೆ’ ಇದ್ದ ಹಾಗೆ. ಕೇಂದ್ರ ಬಸ್ ನಿಲ್ದಾಣದಲ್ಲಿ ಈಗಲೂ ಚತುರ್ಥೀ ವಿಭಕ್ತಿಯೊಂದು ಸೇಡಂ ಫಲಕ ಹಾಕಿಕೊಂಡು ಹೊಗೆ ಬಿಡುತ್ತ ನಿಂತಿರುತ್ತದೆ.

ಅತ್ತೆ (ಬೀದರ್): ಸಂಸ್ಕೃತದ ‘ರಾಮೇಭ್ಯಃ’ದ (ರಾಮರಿಗೆ) ‘ಭ್ಯಃ’ ಕೂಡ ಆ ‘ಬುಸ್’ನ ಬಂಧುವೇ. ಅದನ್ನು ಕಂಡಕ್ಟರನಿಗೆ ಹೇಳಬೇಡ, ಇಳಿಸಿಬಿಡುತ್ತಾನೆ.

ಕಾಕಾ: ವ್ಯಾಕರಣದಿಂದ ಹುಡುಗಿಗೆ ಚಪ್ಪಾಳೆ ಸಿಗುವುದಿಲ್ಲ.

ನಾನು: ಹಾಗಾದರೆ ಆಯಿಯ ಮಾತನ್ನು ಹೇಳಲಿ. ಈಗಷ್ಟೇ ಅವರು ಒಳಗಿನಿಂದ ‘ಅಲಮಾರಿನ ಚಾವಿ ಎಲ್ಲಿದೆ’ ಎಂದು ಕೂಗಿದರು. ಸೆರಗಿನ ತುದಿಯಲ್ಲೇ ಗಂಟು ಹಾಕಿಕೊಂಡಿದ್ದಾರೆ, ಮಾತು ಅದಲ್ಲ. ಅಲಮಾರು ಪೋರ್ಚುಗೀಸರ ‘ಅರ್ಮಾರಿಯೊ’, ಅದರ ಹಿಂದೆ ಲ್ಯಾಟಿನ್ನಿನ ‘ಅರ್ಮಾರಿಯುಂ’. ಇಂಗ್ಲಿಷಿನ ‘ಆರ್ಮಿ’ಯೂ ಅದೇ ಬಳಗ. ಚಾವಿ ಪೋರ್ಚುಗೀಸರ ‘ಶಾವೆ’, ಅದರ ಹಿಂದೆ ‘ಕ್ಲಾವಿಸ್’. ಪೋಪರ ಆಯ್ಕೆಗೆ ಬಾಗಿಲು ಹಾಕಿಕೊಂಡು ಕೂಡುವ ‘ಕಾಂಕ್ಲೇವ್’ನಲ್ಲಿರುವುದೂ ಅದೇ ಚಾವಿ. ಇಂಗ್ಲಿಷಿನ ಒಂದಕ್ಷರ ಓದದ ಆಯಿ ದಿನಕ್ಕೆ ನಾಲ್ಕು ಸಲ ಲ್ಯಾಟಿನ್ ಆಡುತ್ತಾರೆ. ಬಚ್ಚಲಿನ ಸಾಬೂನೂ ‘ಸಾಪೋ’ದಿಂದ ಅರಬ್ಬಿಯ ದಾರಿಯಲ್ಲಿ ಬಂದದ್ದು. ಆ ಪದವನ್ನು ಲ್ಯಾಟಿನ್ನೇ ಜರ್ಮನಿಕ್ ಭಾಷೆಯವರಿಂದ ಕಡ ತಂದಿತ್ತು. ಈಗ ಹೇಳಿ, ಯಾರು ತಾಯಿ, ಯಾರು ಮಗಳು?

ವೈನಿ: ಹುಡುಗಿ ತಾನೇ ತೀರ್ಮಾನಿಸಿದ್ದಾಳೆ: ಬಸ್ಸು, ಆಯಿಯ ಚಾವಿ, ಸೀಮೆಸುಣ್ಣದ ಕ್ಯಾಂಡಿಡೇಟ್. ಉಪ್ಪಿಗೆ ಸಮಯವಿಲ್ಲವಂತೆ.

ಕಾಕಾ: ಕ್ಯಾಂಡಿಡೇಟ್ ನನ್ನದು ಎಂದು ಹೇಳಿಯೇ ಶುರು ಮಾಡಲಿ. ಉಪ್ಪನ್ನು ನಾನು ಬಿಡುವುದಿಲ್ಲ. ಆ ಪ್ಲಿನಿ ಎಲ್ಲಿ ಏನು ಬರೆದಿದ್ದಾನೆ ಎಂಬುದನ್ನು ಕಳುಹಿಸು, ನಾನೇ ಓದಿ ನೋಡುತ್ತೇನೆ.

ನಾನು: ಅವನ ನಿಸರ್ಗ ಚರಿತ್ರೆಯ 31ನೆಯ ಭಾಗದಲ್ಲಿದೆ ಕಾಕಾ. ಇಂಗ್ಲಿಷ್ ಅನುವಾದವನ್ನು ನಿಮಗೆ ಬೇರೆಯಾಗಿ ಕಳುಹಿಸುತ್ತೇನೆ, ಗುಂಪಿಗೆ ಬೇಡ.